ಅಕ್ಕಿಹಿಟ್ಟಿನ ಲೆಕ್ಕ

"ಮಾಸ್ಟರೇ, ಮಕ್ಕಳಿಗೆ ಯಕ್ಷಗಾನ ಕಲಿಸುವುದಕ್ಕೆ ಸರಕಾರ ದುಡ್ಡು ಕೊಡುತ್ತದಂತೆ. ಒಂದು ಅರ್ಜಿ ಬರೆದುಕೊಡಿ" ಎಂದರು ಭಾಗವತರು, ಗೋಳಿಬಜೆಯ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತಾ. ಆ ಕಾಗದವೇ ಅರ್ಜಿ ನಮೂನೆ ಎಂಬುದು ಆಮೇಲೆ ತಿಳಿಯಿತು.

"ಯಾವ ಸರಕಾರ? ತಿರುವನಂತಪುರದ್ದೋ, ಬೆಂಗಳೂರಿನದೋ, ದೆಹಲಿಯದೋ?"

"ಕೊಡುವ ಸರಕಾರ."

ಮಾಸ್ಟರು ನಕ್ಕರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ಕನ್ನಡ ಶಾಲೆಯಲ್ಲಿ ಮಧ್ಯಾಹ್ನದೂಟದ ಲೆಕ್ಕ ಬರೆದೇ ಅವರ ಕೂದಲು ನರೆತದ್ದು. "ಊಟದ ವಿಷಯ ಸಲೀಸು, ಭಾಗವತರೇ. ಅಕ್ಕಿ ಪೂರ್ತಿ ಕೇಂದ್ರದ್ದು. ಐದನೆಯ ತರಗತಿಯವರೆಗೆ ತಲೆಗೆ ದಿನಕ್ಕೆ 100 ಗ್ರಾಂ, ಆಮೇಲೆ ಎಂಟರವರೆಗೆ 150. ಬೇಯಿಸುವ ಖರ್ಚು ಕೇಂದ್ರಕ್ಕೆ 60, ರಾಜ್ಯಕ್ಕೆ 40ರ ಪಾಲು. ಹಸಿದ ಮಗುವಿನ ಹತ್ತಿರ ಯಾವ ಭಾಷೆ ಎಂದು ಯಾರೂ ಕೇಳುವುದಿಲ್ಲ. ಕಲೆ ಎಂದರೆ ಮೊದಲು ಅದನ್ನೇ ಕೇಳುತ್ತಾರೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ನಮ್ಮದು ಇಬ್ಬರು ಅಕ್ಕಂದಿರಿರುವ ತಮ್ಮನ ಪಾಡು. ಅವಳ ಮನೆಯಲ್ಲಿ ಉಂಡು ಬಂದಿರಬೇಕು ಎಂದು ಇಬ್ಬರೂ ಒಲೆ ಆರಿಸುತ್ತಾರೆ."

ಅಡಿಕೆ ಸಾಹುಕಾರರಿಗೆ ಕಲೆಗಿಂತ ಊಟದಲ್ಲಿ ಆಸಕ್ತಿ. "ಅಂಗನವಾಡಿಯಿಂದ ಮೊಮ್ಮಗನಿಗೆ ಅಮೃತಂ ಪುಡಿ ಬರುತ್ತದೆ. ಗೋಧಿ, ಕಡಲೆ, ನೆಲಗಡಲೆ, ಸೋಯಾ, ಸಕ್ಕರೆ. ನಮ್ಮ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರದವರೇ ಹದ ಹೇಳಿಕೊಟ್ಟದ್ದು, ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಹುರಿದು ಪುಡಿ ಮಾಡುವುದು. ಮಗು ಮೂಸಿಯೂ ನೋಡುವುದಿಲ್ಲ. ತುಪ್ಪ ಹಾಕಿ ಉಂಡೆ ಕಟ್ಟಿ ನಾನೇ ತಿನ್ನುತ್ತೇನೆ."

"ಅದು ಆರು ತಿಂಗಳಿನಿಂದ ಮೂರು ವರ್ಷದವರಿಗೆ!"

"ಹಲ್ಲಿನ ಲೆಕ್ಕದಲ್ಲಿ ನಾನೂ ಅಲ್ಲಿಯೇ ಇದ್ದೇನೆ."

ಭಾಗವತರು ಪಟ್ಟು ಬಿಡಲಿಲ್ಲ. ಮಾಸ್ಟರು ಕೊನೆಗೆ, ಹೊರನಾಡಿನ ಕನ್ನಡ ಶಾಲೆ, ಸಂಘಗಳಿಗೂ ನೆರವಾಗುವ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬೆಂಗಳೂರಿನಲ್ಲಿದೆ, ಅಲ್ಲಿಗೆ ಬರೆಯೋಣ ಎಂದರು. "ಆದರೆ ದುಡ್ಡು ಬಂದ ಮೇಲೆ ಪ್ರತಿಯೊಂದಕ್ಕೂ ಬಿಲ್ಲು ಬೇಕು. ಖರ್ಚು ಏನೇನು, ಹೇಳಿ."

"ರಾಕ್ಷಸ ಪಾತ್ರದ ಬಣ್ಣದ ವೇಷಕ್ಕೆ ಮುಖದ ಮೇಲೆ ಮುಳ್ಳುಮುಳ್ಳಾಗಿ ಬಿಳಿ ಚಿಟ್ಟಿ ಇಡಬೇಕು. ಅದಕ್ಕೆ ಅಕ್ಕಿಹಿಟ್ಟು, ಸುಣ್ಣ. ಒಂದು ಮುಖಕ್ಕೆ ಮೂರು ನಾಲ್ಕು ಗಂಟೆ ಹಿಡಿಯುತ್ತದೆ."

ಮಾಸ್ಟರ ಪೆನ್ನು ನಿಂತಿತು. "ಅಕ್ಕಿಹಿಟ್ಟು ಎಂದು ಬರೆದರೆ ಇದು ಊಟದ ಯೋಜನೆ ಎನ್ನುತ್ತಾರೆ. ಎಷ್ಟು ಮಕ್ಕಳು ಉಂಡರು ಎಂದು ಕೇಳಿದರೆ?"

"ಉಂಡಿಲ್ಲ, ಮುಖಕ್ಕೆ ಮೆತ್ತಿಕೊಂಡರು ಎನ್ನಿ."

"ಆಹಾರ ಪೋಲು ಎಂದು ಇನ್ನೊಂದು ವಿಚಾರಣೆ! ಅದಿರಲಿ, ಹಿಟ್ಟಿಗೆ ಬಿಲ್ಲು ಕೊಡುವವರು ಯಾರು?"

"ನನ್ನ ಅಂಗಡಿಯದು ಕೊಡುತ್ತೇನೆ" ಎಂದರು ಸಾಹುಕಾರರು. "ಆದರೆ ನನ್ನ ಬಿಲ್ಲುಪುಸ್ತಕದಲ್ಲಿ ಅಡಿಕೆ ಬಿಟ್ಟರೆ ಬೇರೆ ಸಾಮಾನಿಲ್ಲ."

ಭಾಗವತರು ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದರು. "ಅಡಿಕೆಯೆಂದೇ ಬರೆಯಿರಿ. ಸುಣ್ಣವಂತೂ ಎರಡಕ್ಕೂ ಒಂದೇ."