ಮಿರ್-21 ನಾಲ್ಕು ಪಟ್ಟು ಏರಿದೆ: ಕಾಯಿಲೆಯಿಂದಲೋ, ರಕ್ತ ಸಾಗಿಸಿದ ರೀತಿಯಿಂದಲೋ?

ಪ್ರಶ್ನೆ – ಕೋಲಾರ_ಲ್ಯಾಬ್
ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರ ಪ್ಲಾಸ್ಮಾದಲ್ಲಿ (ಕಣ ತೆಗೆದ ರಕ್ತದ ದ್ರವ) ಮೈಕ್ರೋಆರ್‌ಎನ್‌ಎ, ಅಂದರೆ ಜೀನ್‌ಗಳ ಕೆಲಸ ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕುಗಳನ್ನು (ಮಿರ್-21, ಮಿರ್-16 ಹೀಗೆ ಹೆಸರು) ಪಿಸಿಆರ್‌ನಲ್ಲಿ ಅಳೆಯುತ್ತಿದ್ದೇವೆ. ರೋಗಿಗಳ ರಕ್ತ ಕೋಲಾರದಲ್ಲೇ ತೆಗೆದು ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ಗೆ ಹೋಗುತ್ತದೆ. ಆರೋಗ್ಯವಂತರದ್ದು ಮುಳಬಾಗಿಲಿನ ಶಿಬಿರದಿಂದ ಜೀಪಿನಲ್ಲಿ, ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ನಾಲ್ಕು ಗಂಟೆ ತಡ. ಮಿರ್-16ಕ್ಕೆ ಹೋಲಿಸಿದರೆ ರೋಗಿಗಳಲ್ಲಿ ಮಿರ್-21 ನಾಲ್ಕು ಪಟ್ಟು. ನಂಬಬಹುದಾ?

ಛೇದ_ಅಂಶ
ಈಗಲೇ ನಂಬಬೇಡಿ. ನಾಲ್ಕು ಪಟ್ಟು ಅಂದರೆ ಬರೀ ಎರಡು ಸಿಟಿ (ಪಿಸಿಆರ್‌ನಲ್ಲಿ ಸಂಕೇತ ಕಾಣಲು ಬೇಕಾದ ಸುತ್ತುಗಳ ಎಣಿಕೆ; ಒಂದು ಸುತ್ತು ಕಡಿಮೆ ಅಂದರೆ ಎರಡು ಪಟ್ಟು ಹೆಚ್ಚು). ಮಿರ್-16 ಕೆಂಪು ರಕ್ತಕಣದಲ್ಲಿ ತುಂಬಿಕೊಂಡಿರುತ್ತೆ, ಕಣ ಒಡೆದರೆ ಪ್ಲಾಸ್ಮಾಕ್ಕೆ ಸೋರುತ್ತೆ. ನಿಮ್ಮ ಲೆಕ್ಕದಲ್ಲಿ ಅದು ಛೇದ. ಶಿಬಿರದವರ ಛೇದ ಉಬ್ಬಿದರೆ ಅವರ ಮಿರ್-21 ಕುಗ್ಗಿದಂತೆ, ರೋಗಿಗಳದ್ದು ಏರಿದಂತೆ ಕಾಣುತ್ತೆ. ಮೊದಲು ಹಸಿ ಸಿಟಿ, ಅಂದರೆ ಮಿರ್-16ಕ್ಕೆ ಹೋಲಿಸುವ ಮುಂಚಿನ ಅಂಕಿ ನೋಡಿ.

ಪ್ಲಾಸ್ಮಾ ಕೆಂಪಗಿಲ್ಲ ಅಂತ ಕಣ್ಣಳತೆಗೆ ಬಿಡಬೇಡಿ. 414 ನ್ಯಾನೋಮೀಟರ್ ಬೆಳಕನ್ನು ಪ್ಲಾಸ್ಮಾ ಹೀರುವ ಅಳತೆ 0.2 ದಾಟಿದರೆ ಪಕ್ಕಕ್ಕಿಡಿ. ತಿಂಡಿ ತಿಂದು ಬಂದವರ ಪ್ಲಾಸ್ಮಾ ಕೊಬ್ಬಿನಿಂದ ಕಲಕಾಗಿ ಆ ಅಂಕಿ ಸುಮ್ಮನೆ ಮೇಲೇಳುತ್ತೆ, ಹಾಗಾಗಿ ಕಣ ಒಡೆದರೂ ಬದಲಾಗದ ಮಿರ್-23ಎ ಸಿಟಿಯಿಂದ ಕೆಂಪುಕಣದಲ್ಲಿ ತುಂಬಿರುವ ಮಿರ್-451ಎ ಸಿಟಿ ಕಳೆದೂ ನೋಡಿ: 5ರೊಳಗಿದ್ದರೆ ಸರಿ, 7 ಮೀರಿದರೆ ಕಣ ಒಡೆದಿದೆ.

ಚಿಂತಾಮಣಿ_ಬಯೋ
ಹೋಲಿಕೆಗೆ ಮಿರ್-16 ಬಿಟ್ಟು ಯು6 (ಜೀವಕೋಶದೊಳಗಿನ ಇನ್ನೊಂದು ಪುಟ್ಟ ಆರ್‌ಎನ್‌ಎ) ಹಾಕಿದರೆ ಮುಗೀತಲ್ಲ?

ಛೇದ_ಅಂಶ
ಯು6 ಜೀವಕೋಶಕ್ಕೆ ಸರಿ ರೀ, ಪ್ಲಾಸ್ಮಾದಲ್ಲಿ ನಿಲ್ಲಲ್ಲ. ಮನುಷ್ಯರಲ್ಲಿಲ್ಲದ, ಹುಳುವಿನ ಮೈಕ್ರೋಆರ್‌ಎನ್‌ಎ ಸೆಲ್-ಮಿರ್-39 ಹೊರಗಿನಿಂದ ಸೇರಿಸಿ. ಆದರೆ ಲೈಸಿಸ್ ಬಫರ್ (ಆರ್‌ಎನ್‌ಎ ಬೇರ್ಪಡಿಸಲು ಹಾಕುವ ದ್ರಾವಣ) ಬೆರೆತ ಮೇಲೆ! ನೇರ ಪ್ಲಾಸ್ಮಾಕ್ಕೆ ಹಾಕಿದರೆ ಅಲ್ಲಿರುವ ಆರ್‌ಎನ್‌ಏಸ್ ಕಿಣ್ವ ಅದನ್ನು ಕ್ಷಣದಲ್ಲಿ ತಿಂದುಹಾಕುತ್ತೆ. ಇದು ಆರ್‌ಎನ್‌ಎ ಎಷ್ಟು ಕೈಗೆ ಸಿಕ್ಕಿತು ಅನ್ನೋದನ್ನಷ್ಟೇ ಸರಿದೂಗಿಸುತ್ತೆ, ಒಡೆದ ಕಣವನ್ನಲ್ಲ. ಆರ್‌ಎನ್‌ಎ ಪ್ರಮಾಣ ಅಳೆಯುವ ನ್ಯಾನೋಡ್ರಾಪ್ ಯಂತ್ರದ ಅಂಕಿಗೆ ಇಲ್ಲಿ ಬೆಲೆಯಿಲ್ಲ; ಎಲ್ಲರಿಂದಲೂ ಒಂದೇ ಅಳತೆ, 200 ಮೈಕ್ರೋಲೀಟರ್ ತಗೊಳ್ಳಿ.

ತುಮಕೂರು_ಫ್ಲೆಬೊ
ತಪ್ಪು ಐಸ್ ಪೆಟ್ಟಿಗೆಯಲ್ಲೇ ಇದೆ. ಟ್ಯೂಬು ಐಸ್‌ಗೆ ತಾಗಿದ ಕಡೆ ಕೆಂಪುಕಣ ಒಡೆಯುತ್ತೆ, ಚಳಿಗೆ ಪ್ಲೇಟ್‌ಲೆಟ್‌ಗಳು ಕೆರಳುತ್ತವೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಟ್ಯೂಬೇ ಬಳಸಿ, ಹೆಪಾರಿನ್ ಪಿಸಿಆರನ್ನೇ ತಡೆಯುತ್ತೆ. 21 ಗೇಜ್ ಸೂಜಿ. ಚಿಕ್ಕ ಸೆಂಟ್ರಿಫ್ಯೂಜನ್ನು ಶಿಬಿರಕ್ಕೇ ಒಯ್ದು 2,000 ಜಿ (ಗುರುತ್ವಬಲದ 2,000 ಪಟ್ಟು), 10 ನಿಮಿಷ ತಿರುಗಿಸಿ. ಬಿಳಿ ಪದರದ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಪ್ಲಾಸ್ಮಾ ಎತ್ತಿ. ಆಸೆಗೆ ಬಿದ್ದು ಪಿಪೆಟ್ ಕೆಳಗಿಳಿಸಿದರೆ ಬಿಳಿಕಣವೂ ಬರುತ್ತೆ. ಲ್ಯಾಬಿಗೆ ಬಂದು 16,000 ಜಿ, 10 ನಿಮಿಷ ಇನ್ನೊಮ್ಮೆ, ಆಮೇಲೆ ಮೈನಸ್ 80 ಡಿಗ್ರಿ ಫ್ರೀಜರ್.

ನೆಫ್ರೋ_ಓದುಗ
ಏರಿಕೆ ನಿಜವೇ ಇದ್ದರೂ ಅದು ಕಿಡ್ನಿಯದ್ದೇ ಅನ್ನೋಕಾಗಲ್ಲ. ಮಿರ್-21 ಪಿಟೆನ್, ಪಿಡಿಸಿಡಿ4 ಜೀನ್‌ಗಳನ್ನು ಅದುಮುತ್ತೆ. ಹಲವು ಕ್ಯಾನ್ಸರ್‌ಗಳಲ್ಲೂ ಹೃದಯ ನಾರುಗಟ್ಟುವಾಗಲೂ ಏರುತ್ತೆ. ಮಿರ್-122 ಹಾಗಲ್ಲ, ಅದು ಬಹುಪಾಲು ಲಿವರಿನದ್ದೇ, ಏರಿದರೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತೆ. ಏರಿದ್ದೇ ಕಾಯಿಲೆಗೆ ಕಾರಣ ಅನ್ನೋಕೂ ಅವಸರ ಬೇಡ: ಮಿರ್-21 ತಡೆಯುವ ಲಾಡೆಮಿರ್ಸೆನ್ ಔಷಧಿಯನ್ನು ಆಲ್ಪೋರ್ಟ್ (ವಂಶಪಾರಂಪರ್ಯ ಕಿಡ್ನಿ ಕಾಯಿಲೆ) ರೋಗಿಗಳ ಮೇಲೆ ನಡೆಸಿದ ಪರೀಕ್ಷೆ ಫಲ ಕಾಣದೆ 2022ರಲ್ಲಿ ನಿಂತಿತು.

ಕೋಲಾರ_ಲ್ಯಾಬ್
ಹಸಿ ಸಿಟಿ ತೆಗೆದೆ. ಮಿರ್-21 ಎರಡೂ ಕಡೆ 26ರ ಆಸುಪಾಸು. ಮಿರ್-16 ರೋಗಿಗಳಲ್ಲಿ 20, ಶಿಬಿರದವರಲ್ಲಿ 18. ಅಲ್ಲಿಗೆ ಏರಿಕೆಯೇ ಇಲ್ಲ ಅಂತಾಯ್ತಾ?

ಛೇದ_ಅಂಶ
ಅದನ್ನೂ ಹೇಳೋಕಾಗಲ್ಲ. ಪ್ಲೇಟ್‌ಲೆಟ್‌ನಲ್ಲೂ ಮಿರ್-21 ಇದೆ. ತಡವಾದ ಟ್ಯೂಬಿನಲ್ಲಿ ಅದೂ ಸೋರಿ ನಿಜವಾದ ವ್ಯತ್ಯಾಸವನ್ನು ಮುಚ್ಚಿರಬಹುದು. ಶಿಬಿರದವರ ರಕ್ತ ಮತ್ತೆ ತೆಗೆಯಲೇಬೇಕು, ರೋಗಿಗಳದ್ದಕ್ಕೆ ಹಿಡಿದ ಅರ್ಧ ಗಂಟೆಯೊಳಗೇ ತಿರುಗಿಸಿ.