ಸ್ಟಾರ್ ಟ್ರೆಕ್ 2009 ನೋಡಿದೆ, ಹಳೆಯ ಕಥೆಯೆಲ್ಲ ಇದರಿಂದ ರದ್ದಾಯಿತಾ?

ನವಿಲುಗರಿ:
ಸ್ಟಾರ್ ಟ್ರೆಕ್ ಅಂದರೆ ಚೂಪು ಕಿವಿಯ ಸ್ಪಾಕ್ ಅನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಈ ವಾರ ಜೆ.ಜೆ. ಏಬ್ರಮ್ಸ್ ನಿರ್ದೇಶಿಸಿದ 2009ರ ಸಿನಿಮಾ ನೋಡಿದೆ. ತುಂಬಾ ಇಷ್ಟ ಆಯಿತು. ಶುರುವಿನಲ್ಲೇ ಕಥಾನಾಯಕ ಕರ್ಕ್‌ನ ಅಪ್ಪ ಒಬ್ಬನೇ ಹಡಗಿನಲ್ಲಿ ಉಳಿದುಕೊಂಡು, ಆ ಕಡೆ ತಪ್ಪಿಸಿಕೊಂಡು ಹೋಗುತ್ತಿರುವ ನೌಕೆಯಲ್ಲಿ ಹೆಂಡತಿಗೆ ಹೆರಿಗೆ ಆಗುತ್ತಿರುವಾಗ, ಮಗುವಿಗೆ ಏನು ಹೆಸರಿಡೋಣ ಅಂತ ಅವಳ ಜೊತೆ ಮಾತಾಡುತ್ತಲೇ ಸಾಯುತ್ತಾನಲ್ಲ, ಅಲ್ಲೇ ಅಳು ಬಂತು.

ಆದರೆ ಒಂದು ಗೊಂದಲ. ಭವಿಷ್ಯದಿಂದ ಬಂದ ಆ ಮುದುಕ ಸ್ಪಾಕ್ ಯಾವ ಲೆಕ್ಕ? ಹಳೆಯ ಸೀರಿಯಲ್‌ನಲ್ಲಿ ನಡೆದದ್ದೆಲ್ಲ ಇನ್ನು ನಡೆದೇ ಇಲ್ಲ ಅಂತಲಾ? ಹಾಗಾದರೆ ಹಳೆಯ ಅಭಿಮಾನಿಗಳು ಒಪ್ಪಿಕೊಂಡರಾ? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ವಾರ್ಪ್_ಒಂಬತ್ತು:
ರದ್ದಾಗಿಲ್ಲ. ಆ ವಯಸ್ಸಾದ ಸ್ಪಾಕ್ ಲೆನರ್ಡ್ ನಿಮೋಯ್. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಬಂದ ಮೂಲ ಸೀರಿಯಲ್‌ನಲ್ಲೂ ಸ್ಪಾಕ್ ಆಗಿದ್ದವರು ಅವರೇ. ಕಥೆಯ ಪ್ರಕಾರ 2387ರಲ್ಲಿ ನಕ್ಷತ್ರ ಸ್ಫೋಟವಾಗಿ ರಾಮ್ಯುಲಸ್ ಗ್ರಹ ಹಾಳಾಗುತ್ತದೆ. ಕಾಪಾಡಲು ಹೊರಟ ಸ್ಪಾಕ್ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅವನೂ, ಅವನ ಮೇಲೆ ಹಗೆ ಹೊತ್ತ ರಾಮ್ಯುಲಸ್‌ನ ನೀರೋ ಕೂಡ ಕಪ್ಪುಕುಳಿಗೆ ಸಿಕ್ಕಿ ಹಿಂದಿನ ಕಾಲಕ್ಕೆ ಬೀಳುತ್ತಾರೆ. ನೀರೋ 2233ಕ್ಕೆ ಬಂದು ಕರ್ಕ್‌ನ ಅಪ್ಪ ಇದ್ದ ಕೆಲ್ವಿನ್ ಹಡಗಿನ ಮೇಲೆ ಬೀಳುತ್ತಾನೆ ನೋಡಿ, ಅಲ್ಲಿಂದ ಇತಿಹಾಸ ಕವಲೊಡೆಯುತ್ತದೆ. ಹಳೆಯ ಕವಲು ಹಾಗೇ ಇರುತ್ತದೆ. ಎಳೆಯ ಸ್ಪಾಕ್ ಇದನ್ನು ವಿವರಿಸುವಾಗ ಹಡಗಿನ ಸಂಪರ್ಕ ಅಧಿಕಾರಿ ಉಹುರಾ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾಳೆ, ಅದು ಬೇಗ ಬಂದು ಹೋಗುವುದರಿಂದ ಸುಮಾರು ಜನಕ್ಕೆ ತಪ್ಪಿಹೋಗುತ್ತದೆ. ಈ ಹೊಸ ಕವಲಿಗೆ ಕೆಲ್ವಿನ್ ಟೈಮ್‌ಲೈನ್ ಅಂತ ಹೆಸರು. 2020ರಲ್ಲಿ ಶುರುವಾದ ಪಿಕಾರ್ಡ್ ಸೀರಿಯಲ್ ಹಳೆಯ ಕವಲಿನದು.

ನಿಮಗೆ ಅಳು ತರಿಸಿದ ಆ ಅಪ್ಪ ಹಳೆಯ ಕವಲಿನಲ್ಲಿ ಬದುಕಿರುತ್ತಾನೆ! ಮಗ ಎಂಟರ್‌ಪ್ರೈಸ್ ಹಡಗಿನ ಕ್ಯಾಪ್ಟನ್ ಆಗುವುದನ್ನೂ ನೋಡುತ್ತಾನೆ. ಮುದುಕ ಸ್ಪಾಕ್ ಈ ವಿಷಯ ಹೇಳಿದಾಗ ಕರ್ಕ್ ಮುಖ ಇನ್ನೊಮ್ಮೆ ನೋಡಿ. ನನ್ನ ಮಟ್ಟಿಗೆ ಇಡೀ ರೀಬೂಟ್ ನಿಂತಿರುವುದು ಆ ದೃಶ್ಯದ ಮೇಲೆ. ಹಳೆಯದನ್ನು ಅಳಿಸಿ ಹೊಸದಾಗಿ ಬರೆದಿದ್ದರೆ ಈ ಹುಡುಗ ಏನನ್ನು ಕಳೆದುಕೊಂಡ ಅನ್ನುವುದು ಯಾರಿಗೂ ಗೊತ್ತಾಗುತ್ತಲೇ ಇರಲಿಲ್ಲ.

ಶರಾವತಿ_ತೀರ:
ಮೇಲಿನವರು ಕಥೆ ಸರಿಯಾಗಿ ಹೇಳಿದ್ದಾರೆ, ಆದರೆ ಅಭಿಮಾನಿಗಳ ಬೇಸರ ಟೈಮ್‌ಲೈನ್ ಬಗ್ಗೆ ಮಾತ್ರ ಅಲ್ಲ. ನನ್ನದಂತೂ ಅಲ್ಲ. ಈ ಸಿನಿಮಾ 2008ರ ಕ್ರಿಸ್‌ಮಸ್‌ಗೆ ಬರಬೇಕಿತ್ತು, ಅದನ್ನು 2009ರ ಮೇ ತಿಂಗಳಿಗೆ, ಅಂದರೆ ಅಮೆರಿಕದ ಬೇಸಿಗೆ ಸೀಸನ್ನಿಗೆ ತಳ್ಳಿದರು. ಸಿನಿಮಾದ ಗುಣವೂ ಬೇಸಿಗೆ ಸಿನಿಮಾದ್ದೇ. ಎಲ್ಲೂ ನಿಲ್ಲುವುದಿಲ್ಲ. ನೀರೋ ಕೈಯಲ್ಲಿ ಸ್ಪಾಕ್‌ನ ವಲ್ಕನ್ ಗ್ರಹವೇ ನಾಶ ಆಗುತ್ತದೆ, 600 ಕೋಟಿ ಜನ ಸಾಯುತ್ತಾರೆ, ಉಳಿದವರು ಹತ್ತು ಸಾವಿರದಷ್ಟು ಅಂತ ಸ್ಪಾಕ್ ಹಡಗಿನ ದಿನಚರಿಯಲ್ಲಿ ಹೇಳುತ್ತಾನೆ, ಸ್ವಲ್ಪ ಹೊತ್ತಿಗೆ ಮತ್ತೆ ಓಟ, ಹೊಡೆದಾಟ. ಹಳೆಯ ಸೀರಿಯಲ್‌ನಲ್ಲಿ ಒಂದು ಹಡಗನ್ನು ಹೊಡೆಯಬೇಕಾ ಬೇಡವಾ ಅಂತ ಕರ್ಕ್, ಸ್ಪಾಕ್, ಡಾಕ್ಟರ್ ಮೆಕಾಯ್ ಕೂತು ಜಗಳ ಆಡುತ್ತಿದ್ದರು. ನಾನು ಟ್ರೆಕ್ ನೋಡುತ್ತಿದ್ದುದೇ ಆ ಜಗಳಕ್ಕೆ. ಇನ್ನು ಪರೀಕ್ಷೆಯಲ್ಲಿ ಮೋಸ ಮಾಡಿ ವಿಚಾರಣೆಗೆ ನಿಂತಿದ್ದ ಕೆಡೆಟ್ ಕರ್ಕ್ ಕೊನೆಗೆ ನೇರವಾಗಿ ಕ್ಯಾಪ್ಟನ್! ಮಧ್ಯದ ಮೆಟ್ಟಿಲು ಯಾವುದೂ ಬೇಡವಾ?

ಜೀರಿಗೆಮೆಣಸು:
ಬಡ್ತಿ ವಿಷಯ ಒಪ್ಪುತ್ತೇನೆ. ಕರ್ಕ್‌ನನ್ನು ಹಿಮದ ಗ್ರಹದಲ್ಲಿ ಎಸೆದರೆ ಅವನು ಓಡಿ ಹೊಕ್ಕ ಗುಹೆಯಲ್ಲೇ ಮುದುಕ ಸ್ಪಾಕ್ ಸಿಗುವುದೂ ಅತಿಯಾಯಿತು. ಆದರೆ ಆಗಿನ ಪರಿಸ್ಥಿತಿ ನೆನಪಿಸಿಕೊಳ್ಳಿ ಸರ್. 2002ರ ಸಿನಿಮಾ ಸೋತಿತ್ತು, 2005ರಲ್ಲಿ ಎಂಟರ್‌ಪ್ರೈಸ್ ಸೀರಿಯಲ್ ನಿಂತಿತ್ತು, ಹೊಸಬರು ಟ್ರೆಕ್ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಸುಮಾರು 15 ಕೋಟಿ ಡಾಲರ್ ಹಾಕಿ ಮಾಡಿದ ಈ ಸಿನಿಮಾ 38 ಕೋಟಿಗೂ ಜಾಸ್ತಿ ಗಳಿಸಿತು. ಅದರಿಂದಲೇ 2013ರಲ್ಲಿ ಒಂದು, 2016ರಲ್ಲಿ ಒಂದು ಬಂತು.

ವೇಗ ಜಾಸ್ತಿ ಅಂದಿರಿ. ಕೆಲ್ವಿನ್ ದಾಳಿಯಲ್ಲಿ ಹಡಗಿನ ಗೋಡೆ ಒಡೆದು ಒಬ್ಬರು ಬಾಹ್ಯಾಕಾಶಕ್ಕೆ ಎಸೆಯಲ್ಪಟ್ಟಾಗ ಶಬ್ದ ಪೂರ್ತಿ ನಿಂತುಹೋಗುತ್ತದಲ್ಲ? ಗಾಳಿ ಇಲ್ಲದ ಕಡೆ ಶಬ್ದ ಇಲ್ಲ ಅನ್ನುವುದನ್ನು ಇಷ್ಟು ದೊಡ್ಡ ಹೊಡೆದಾಟದ ನಡುವೆ ನೆನಪಿಟ್ಟುಕೊಂಡವರು ಕಡಿಮೆ. ಕೊನೆಯಲ್ಲಿ ನೀರೋ ಸಿಕ್ಕಿಬಿದ್ದಾಗ ಕರ್ಕ್ ಮೊದಲು ಮಾಡುವುದು ಸಹಾಯ ಬೇಕಾ ಅಂತ ಕೇಳುವುದು. ಬೇಡ ಅನ್ನುವವನು ಸ್ಪಾಕ್, ಅವನ ತಾಯಿ ಸತ್ತಿದ್ದಾಳೆ. ಅದು ನೀವು ಹುಡುಕುತ್ತಿರುವ ಹಳೆಯ ಜಗಳವೇ ಅಲ್ವಾ, ಚಿಕ್ಕದಾಗಿದೆ ಅಷ್ಟೇ.

ಮತ್ತೆ ನಟರು! ಕಾರ್ಲ್ ಅರ್ಬನ್ ಮೆಕಾಯ್ ಆಗಿ ಬಾಯಿ ಬಿಟ್ಟ ತಕ್ಷಣ ಹಳೆಯ ಡಾಕ್ಟರ್ ಎದುರಿಗೆ ಬಂದ ಹಾಗಾಯಿತು. ಜ್ಯಾಕರಿ ಕ್ವಿಂಟೋ ನಿಮೋಯ್ ಪಕ್ಕದಲ್ಲಿ ನಿಂತು ಸ್ಪಾಕ್ ಆಗುವುದು ಸುಲಭದ ಮಾತಲ್ಲ. ನನಗೆ ಹಿಡಿಸದ್ದು ಎಂಜಿನ್ ರೂಮು. ಅದನ್ನು ಕ್ಯಾಲಿಫೋರ್ನಿಯಾದ ಒಂದು ಬಿಯರ್ ಕಾರ್ಖಾನೆಯಲ್ಲಿ ಚಿತ್ರೀಕರಿಸಿದರು, ಆ ಟ್ಯಾಂಕು, ಪೈಪು ನೋಡಿದರೆ 23ನೇ ಶತಮಾನದ ಹಡಗು ಅಂತ ನಂಬುವುದು ಕಷ್ಟ.

ಶರಾವತಿ_ತೀರ:
ಆ ಸಹಾಯದ ಮಾತು ಒಳ್ಳೆಯದು, ಒಪ್ಪಿದೆ. ಆದರೆ ನೀರೋ ಬೇಡ ಅಂದ ಕೂಡಲೇ ಗುಂಡು ಹಾರುತ್ತದೆ. ಹಳೆಯ ಕರ್ಕ್ ಇನ್ನೊಂದು ಸಲ ಕೇಳುತ್ತಿದ್ದ.

ನವಿಲುಗರಿ:
ಎಲ್ಲರಿಗೂ ಥ್ಯಾಂಕ್ಸ್. ಕವಲಿನ ವಿಷಯ ಈಗ ಸ್ಪಷ್ಟವಾಯಿತು. ಶರಾವತಿಯವರು ಹೇಳಿದ ಆ ಜಗಳ ನೋಡಬೇಕು ಅನಿಸುತ್ತಿದೆ. ಹಳೆಯದರಲ್ಲಿ 79 ಎಪಿಸೋಡ್ ಇದೆಯಂತೆ, ಎಲ್ಲಿಂದ ಶುರು ಮಾಡಲಿ? ಸಿನಿಮಾನೇ ಮೊದಲು ನೋಡಬಹುದಾ?

ಶರಾವತಿ_ತೀರ:
1979ರ ಮೊದಲ ಸಿನಿಮಾ ಈಗಲೇ ಬೇಡ, ತುಂಬಾ ನಿಧಾನ. ನಮ್ಮ ಮುಂಬೈಯ ಪರ್ಸಿಸ್ ಖಂಬಾಟಾ ತಲೆ ಬೋಳಿಸಿಕೊಂಡು ಅದರಲ್ಲಿ ನಟಿಸಿದ್ದಾರೆ, ಅವರಿಗಾಗಿ ಮುಂದೆ ಯಾವತ್ತಾದರೂ ನೋಡಿ.

ಮೊದಲು ‘ಬ್ಯಾಲೆನ್ಸ್ ಆಫ್ ಟೆರರ್’ ಹಾಕಿಕೊಳ್ಳಿ. ಮೊದಲ ಸೀಸನ್, 1966ರ ಡಿಸೆಂಬರ್‌ನದು. ನೀರೋ ಕುಲದ ರಾಮ್ಯುಲನ್ನರು ಮೊಟ್ಟಮೊದಲು ಕಾಣಿಸಿಕೊಂಡದ್ದು ಅದರಲ್ಲೇ. ಎರಡು ಹಡಗು ಕತ್ತಲಲ್ಲಿ ಒಂದನ್ನೊಂದು ಹುಡುಕುತ್ತವೆ. ವೈರಿಗಳ ಮುಖ ಸ್ಪಾಕ್ ಮುಖದ ಹಾಗೇ ಇದೆ ಅಂತ ಗೊತ್ತಾದ ಕೂಡಲೇ ಕರ್ಕ್‌ನ ಸಿಬ್ಬಂದಿಯಲ್ಲೇ ಒಬ್ಬ ಸ್ಪಾಕ್ ಮೇಲೆ ಅನುಮಾನ ಪಡುತ್ತಾನೆ. ರಾಮ್ಯುಲನ್ ಕಮಾಂಡರ್ ಆಗಿ ನಟಿಸಿದ ಮಾರ್ಕ್ ಲೆನಾರ್ಡ್ ಮುಂದೆ ಅದೇ ಸೀರಿಯಲ್‌ನಲ್ಲಿ ಸ್ಪಾಕ್ ಅಪ್ಪ ಸಾರೆಕ್ ಆದರು. ಆ ಕಮಾಂಡರ್ ಮತ್ತು ನೀರೋ, ಇಬ್ಬರನ್ನೂ ಹೋಲಿಸಿ ನೋಡಿ, ಆಮೇಲೆ ಇಲ್ಲೇ ಬರೆಯಿರಿ. ಕಾಯುತ್ತಿರುತ್ತೇನೆ.