ತಾತನ ರೆಕಾರ್ಡು, ಮನೇಲಿ ಡೀಜೆ ಸೆಟಪ್ಪು: ಮಾಡಿರೋರು ಹೇಳ್ರಪ್ಪ

ಮಂಡ್ಯದ ಹಳೇ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ತಾತನ ಟ್ರಂಕಲ್ಲಿ 60 ರೆಕಾರ್ಡ್ ಸಿಕ್ತು, ಕೆಲವುಕ್ಕೆ ಬೂಷ್ಟು ಹಿಡಿದಿದೆ. ಮೈಸೂರಲ್ಲಿ ನನ್ನ ರೂಮಿಗೆ ಎರಡು ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ (ರೆಕಾರ್ಡ್ ಪ್ಲೇಯರ್), ಎರಡರ ಸದ್ದು ಬೆರೆಸೋಕೆ ಒಂದು ಮಿಕ್ಸರ್ ತಗೊಂಡಿದೀನಿ. ಸ್ಪಿರಿಟ್ ಹಾಕಿ ಒರೆಸು ಅಂತಾರೆ, ಸರೀನಾ? ಕನೆಕ್ಷನ್ ಕೊಟ್ರೆ ಬರೀ ಗುಂಯ್ ಅನ್ನುತ್ತೆ, ಏನ್ಮಾಡ್ಲಿ?

ಸ್ಪಿರಿಟ್ ಮುಟ್ಲೇಬೇಡಿ, ಮೊದ್ಲು ಒಂದೊಂದರ ಲೇಬಲ್ ಓದಿ. 78 (ನಿಮಿಷಕ್ಕೆ 78 ಸುತ್ತು) ಅಂತಿದ್ದು, ಕೈಗೆ ಭಾರವಾಗಿ ಗಡುಸಾಗಿದ್ರೆ ಅದು ವಿನೈಲ್ ಪ್ಲಾಸ್ಟಿಕ್ ಅಲ್ಲ, ಹೆಚ್ಚುಕಮ್ಮಿ ಅರಗಿನ ತಟ್ಟೆ ಅಂತ್ಲೇ ಇಟ್ಕೊಳ್ಳಿ. ಮರಗೆಲಸದೋರು ಪಾಲಿಶ್ಗೆ ಅರಗನ್ನ ಸ್ಪಿರಿಟ್ಟಲ್ಲೇ ಅಲ್ವಾ ಕರಗಿಸೋದು, ಇಲ್ಲೂ ಅದೇ ಆಗುತ್ತೆ. ನಾನು ನಮ್ಮಜ್ಜಿ ಇಷ್ಟಪಡ್ತಿದ್ದ ಒಂದು ತಟ್ಟೆನ ಹಂಗೇ ಒರೆಸಿದೆ, ಹತ್ತಿ ಕಪ್ಪಾಯ್ತು, ಹೊಳಪು ಹೋಯ್ತು, ಆಮೇಲೆ ಹಾಡಿಗಿಂತ ಚರಚರ ಸದ್ದೇ ಜಾಸ್ತಿ, ಇವತ್ತಿಗೂ ಹೊಟ್ಟೆ ಉರಿಯುತ್ತೆ. ಪೆಟ್ರೋಲ್ ಬಂಕಲ್ಲಿ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಸಿಗುತ್ತಲ್ಲ ಅದು ತಗೊಳ್ಳಿ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ, ಮೆತ್ತನೆ ಮೈಕ್ರೋಫೈಬರ್ ಬಟ್ಟೆ, ಗೆರೆ ಹೋದ ದಿಕ್ಕಲ್ಲೇ ಸುತ್ತಿ ಒರೆಸಿ, ಅಡ್ಡ ಉಜ್ಜಬೇಡಿ. ಮಧ್ಯದ ಲೇಬಲ್ ನೆನೆಸಬೇಡಿ. ಬೋರ್ ನೀರು ಬೇಡ, ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತೆ. ಬಿಸಿಲಿಗಂತೂ ಇಡ್ಲೇಬೇಡಿ, ನೆರಳಲ್ಲಿ ಆರಲಿ.

ಮೇಲೆ ಹೇಳಿರೋದು ಸರಿ, ಸೆಟಪ್ ಬಗ್ಗೆ ನಾನು ಹೇಳ್ತೀನಿ. ಗುಂಯ್ ಅನ್ನೋದು ಹೆಚ್ಚಾಗಿ ಅರ್ತಿಂಗಿಂದು, ಟರ್ನ್‌ಟೇಬಲ್ ಹಿಂದೆ ಒಂದು ಸಣ್ಣ ವೈರ್ ಬಿಟ್ಟಿರ್ತಾರೆ, ಅದನ್ನ ಮಿಕ್ಸರ್ ಹಿಂದಿರೋ ಗ್ರೌಂಡ್ ಸ್ಕ್ರೂಗೆ ಬಿಗೀರಿ. ಸೂಜಿಯಿಂದ ಬರೋ ಸಿಗ್ನಲ್ ಬರೀ ಕೆಲವು ಮಿಲಿವೋಲ್ಟ್, ಅದಕ್ಕೇ ಮಿಕ್ಸರಲ್ಲಿ ಸ್ವಿಚ್ ಅದನ್ನ ದೊಡ್ಡದು ಮಾಡೋ ಫೋನೋ ಕಡೆಗಿರ್ಬೇಕು, ಲೈನ್ ಕಡೆ ಇದ್ರೆ ಸದ್ದು ತೀರಾ ಸಣ್ಣಗೆ ಕೇಳುತ್ತೆ. ಆದ್ರೆ ಕೆಲವು ಟರ್ನ್‌ಟೇಬಲಲ್ಲೇ ಸಿಗ್ನಲ್ ದೊಡ್ಡದು ಮಾಡೋ ಪ್ರೀಆಂಪ್ ಇರುತ್ತೆ, ಅದು ಆನ್ ಇದ್ದಾಗ ಮಿಕ್ಸರೂ ಫೋನೋಲಿದ್ರೆ ಒಡೆದ ಸದ್ದು ಬರುತ್ತೆ, ಎರಡರಲ್ಲಿ ಒಂದೇ ಸಾಕು. ಸ್ಪೀಕರನ್ನ ಅದೇ ಟೇಬಲ್ ಮೇಲೆ ಇಟ್ಟಿದ್ರೆ ಇವತ್ತೇ ತೆಗೀರಿ, ಬೇಸ್ ಬಂದಾಗ ಸೂಜಿ ಅದುರಿ ಆ ಅದುರೇ ಮತ್ತೆ ಸ್ಪೀಕರಿಗೆ ಹೋಗುತ್ತೆ. ಡೀಜೆ ಸೂಜಿಗೆ ಸಾಮಾನ್ಯವಾಗಿ 3-4 ಗ್ರಾಂ ಭಾರ ಕೊಡ್ತಾರೆ, ಕೇಳೋ ಸೂಜಿಗೆ ಸುಮಾರು 2 ಗ್ರಾಂ, ಜೊತೇಲಿ ಬಂದ ಚೀಟಿ ನೋಡಿ. ಬೆಲ್ಟ್ ಡ್ರೈವ್ ಆಗಿದ್ರೆ ಸ್ಕ್ರ್ಯಾಚ್ (ಕೈಯಲ್ಲಿ ರೆಕಾರ್ಡನ್ನ ಹಿಂದೆ ಮುಂದೆ ಆಡಿಸೋದು) ಸರಿಯಾಗಿ ಮಾಡೋಕ್ಕಾಗಲ್ಲ, ಮೋಟರೇ ನೇರವಾಗಿ ತಿರುಗಿಸೋ ಡೈರೆಕ್ಟ್ ಡ್ರೈವೇ ಬೇಕು, 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200ನ ಡೀಜೆಗಳು ಹಿಡ್ಕೊಂಡಿದ್ದು ಅದಕ್ಕೇ.

ಇನ್ನೊಂದು ಮಾತು, ಕೈಮುಗಿದು ಕೇಳ್ಕೊತೀನಿ, ತಾತನ ತಟ್ಟೆ ಮೇಲೆ ಸ್ಕ್ರ್ಯಾಚ್ ಕಲೀಬೇಡಿ. ಪ್ರಾಕ್ಟೀಸ್ಗೆ ಹಳೇ ಎಲ್‌ಪಿ (ವಿನೈಲ್ ರೆಕಾರ್ಡ್) ನಾಲ್ಕು ಬೇರೆ ತಗೊಳ್ಳಿ. 78ರ ಗೆರೆ ಅಗಲ, ಎಲ್‌ಪಿ ಸೂಜಿ ಅದರ ತಳಕ್ಕೆ ಇಳಿದು ಕಸ ಕೆರೆಯುತ್ತೆ, ಅದಕ್ಕೆ ದಪ್ಪ ಸೂಜಿ ಬೇರೇನೇ ಬರುತ್ತೆ. ನಮ್ಮ ಜಯಚಾಮರಾಜ ಒಡೆಯರು ತಮ್ಮ ದುಡ್ಡಲ್ಲಿ ರಷ್ಯಾದ ಮೆಟ್ನರ್ ಅವರ ಪಿಯಾನೋ ಸಂಗೀತವನ್ನ 1940ರ ದಶಕದ ಕೊನೇಲಿ ಲಂಡನ್ನಲ್ಲಿ ರೆಕಾರ್ಡ್ ಮಾಡಿಸಿದ್ದೂ ಇಂಥ 78ರ ತಟ್ಟೆಗಳಿಗೇ. ಒಂದರ ಮೇಲೊಂದು ಪೇರಿಸದೆ ಪುಸ್ತಕದ ಥರ ನೆಟ್ಟಗೆ ನಿಲ್ಲಿಸಿ, ಮಳೆಗಾಲದಲ್ಲಿ ಗೋಡೆಗೆ ತಾಗಿಸ್ಬೇಡಿ, ಬೂಷ್ಟು ಹಿಡಿದ ಕವರ್ ಬದಲಾಯಿಸಿ. ಭಾನುವಾರ ಸರಸ್ವತಿಪುರಂ ಕಡೆ ಬರೋದಾದ್ರೆ ನಾಲ್ಕೈದು ತಗೊಂಡ್ಬನ್ನಿ, 78ರ ಸೂಜಿ ನನ್ನ ಹತ್ರ ಇದೆ, ಒಂದೊಂದೇ ಹಾಕಿ ಕೇಳೋಣ.